ಕೋಳಿ, ಮೊಟ್ಟೆ ಮತ್ತು ಮಹಾಪ್ರಾಣ: ಥಾಯ್ ಆಹಾರಪದಗಳ ಕಲಿಕೆಯಲ್ಲಿ ಕನ್ನಡಿಗರ ತೊಡಕುಗಳು

ಸಾರಾಂಶ

ಥಾಯ್ ಭಾಷೆಯನ್ನು ಕಲಿಯುವ ಪರಭಾಷಿಕರಿಗೆ ಐದು ತಾನಗಳೇ ಮುಖ್ಯ ತೊಡಕೆಂದು ಪಾಠಪುಸ್ತಕಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಊಟದ ಅಂಗಡಿಯಲ್ಲಿ ತಿನಿಸನ್ನು ಕೇಳುವ ಸಂದರ್ಭವನ್ನು ಮಾತ್ರ ತೆಗೆದುಕೊಂಡು ನೋಡಿದರೆ, ಕನ್ನಡಿಗರಿಗೆ ನಿಜವಾದ ತೊಡಕು ತಮಗೆ ಪರಿಚಿತವೆಂದು ತೋರುವ ಮೂರು ಕಡೆಗಳಲ್ಲಿದೆ: ಮಹಾಪ್ರಾಣಗಳು, ನಿಷೇಧಪದದ ಸ್ಥಾನ ಹಾಗೂ ಸಂಸ್ಕೃತ-ಪಾಲಿ ಮೂಲದ ಪದಗಳು. ಈ ಲೇಖನವು ಮೂರನ್ನೂ ಉದಾಹರಣೆಗಳೊಡನೆ ವಿವರಿಸುತ್ತದೆ.

ಕೀಲಿಪದಗಳು: ಥಾಯ್, ಕನ್ನಡ, ಮಹಾಪ್ರಾಣ, ತಾನ, ನಿಷೇಧ, ವರ್ಗಕ, ಎರವಲು ಪದ, ಅರ್ಥಕ್ಷೇತ್ರ

1. ಪೀಠಿಕೆ

ಪರಭಾಷೆಯ ನಾಡಿಗೆ ಹೋದವರು ಆ ಭಾಷೆಯಲ್ಲಿ ಆಡುವ ಮೊದಲ ಪೂರ್ಣವಾಕ್ಯ ಬಹುಮಟ್ಟಿಗೆ ಊಟಕ್ಕೆ ಸಂಬಂಧಿಸಿದ್ದೇ ಆಗಿರುತ್ತದೆ. ಆ ವಾಕ್ಯ ಚಿಕ್ಕದು. ಆದರೆ ಧ್ವನಿ, ಪದಕ್ರಮ, ಎಣಿಕೆ, ವಿನಯ, ಪದಾರ್ಥ ಇವಿಷ್ಟೂ ಏಕಕಾಲಕ್ಕೆ ಸರಿಯಾಗಿರಬೇಕಾದ ವಾಕ್ಯವೂ ಹೌದು. ಅದು ತಪ್ಪಿದ್ದು ತಟ್ಟೆ ಮುಂದೆ ಬಂದಾಗ ಕೂಡಲೇ ತಿಳಿಯುತ್ತದೆ. ಸಸ್ಯಾಹಾರಿಗಳಿಗಾಗಲಿ, ಯಾವುದಾದರೂ ಪದಾರ್ಥ ಒಗ್ಗದವರಿಗಾಗಲಿ ಇದು ಕೇವಲ ಉಚ್ಚಾರಣೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬ್ಯಾಂಕಾಕಿನಲ್ಲಿ ತಂಗಿದ್ದ ಮೊದಲ ವಾರದಲ್ಲಿ ಬೀದಿಬದಿಯ ಅಂಗಡಿಯೊಂದರಲ್ಲಿ ನಾನು ತರಕಾರಿ ಹಾಕಿ ಹುರಿದ ಅನ್ನವನ್ನು ಕೇಳಿ, ಮೊಟ್ಟೆ ಹಾಕುವುದು ಬೇಡವೆಂದೂ ಹೇಳಿದೆ. ಅಡುಗೆಯವರು ತಲೆಯಾಡಿಸಿ, ಬಾಣಲೆಗೆ ಮೊಟ್ಟೆಯನ್ನೇ ಒಡೆದುಹಾಕಿದರು. ಅವರು ನನ್ನ ಮಾತನ್ನು ಅಲಕ್ಷಿಸಿರಲಿಲ್ಲ, ಕೇಳಿಸಿಕೊಂಡಂತೆಯೇ ನಡೆದಿದ್ದರು. ನನ್ನ ಬಾಯಿಂದ ಹೊರಟದ್ದು ‘ಕೋಳಿ ಹಾಕಬೇಡಿ’ ಎಂಬ ವಾಕ್ಯ. ತಾನ ಸರಿಯಾಗಿತ್ತು, ಸ್ವರ ಸರಿಯಾಗಿತ್ತು. ತಪ್ಪಿದ್ದು ಒಂದು ಮಹಾಪ್ರಾಣ ಮಾತ್ರ. ವರ್ಣಮಾಲೆಯಲ್ಲಿ ಕ ಮತ್ತು ಖ ಎರಡನ್ನೂ ಕಲಿತು ಬಂದ ಭಾಷಿಕರು ಹೀಗೇಕೆ ತಪ್ಪುತ್ತಾರೆ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಲಿಪ್ಯಂತರಣದ ಕ್ರಮ ಹೀಗಿದೆ. ಥಾಯ್ ಭಾಷೆಯ ಐದು ತಾನಗಳಿಗೆ ಅಲ್ಲಿನ ವ್ಯಾಕರಣದಲ್ಲಿರುವ ಹೆಸರುಗಳು ಸಾಮನ್, ಏಕ್, ಥೋ, ತ್ರೀ, ಚತ್ತವಾ. ಇವುಗಳಲ್ಲಿ ಸಾಮಾನ್ಯ, ಏಕ, ತ್ರಿ, ಚತ್ವಾರಿ ಎಂಬ ರೂಪಗಳನ್ನು ಕನ್ನಡ ಓದುಗರು ಸುಲಭವಾಗಿ ಗುರುತಿಸಬಲ್ಲರು. ಆ ಹೆಸರುಗಳ ಕ್ರಮವನ್ನೇ ಅನುಸರಿಸಿ ಸಮತಾನಕ್ಕೆ ಯಾವ ಗುರುತನ್ನೂ ಹಾಕದೆ, ಕೆಳತಾನಕ್ಕೆ ¹, ಇಳಿತಾನಕ್ಕೆ ², ಮೇಲ್ತಾನಕ್ಕೆ ³, ಏರುತಾನಕ್ಕೆ ⁴ ಎಂಬ ಅಂಕಿಗಳನ್ನು ಬಳಸಿದ್ದೇನೆ. ಫ ಎಂಬುದು ಪಕಾರದ ಮಹಾಪ್ರಾಣ. ‘ಕಾಫಿ’ ಪದದಲ್ಲಿ ಕೇಳಿಬರುವ ಘರ್ಷಧ್ವನಿಗೆ ಫ಼ ಎಂದು ಬರೆದಿದ್ದೇನೆ. ಪದಾಂತ್ಯದ ಕ್, ತ್, ಪ್‌ಗಳು ಸ್ಫೋಟವಿಲ್ಲದೆ ನಿಲ್ಲುತ್ತವೆ. ತುಟಿಗಳನ್ನು ದುಂಡಾಗಿಸದೆ ನುಡಿಯುವ ಹಿಂಸ್ವರವೊಂದು ಥಾಯ್‌ನಲ್ಲಿದ್ದು, ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಉಕಾರದಿಂದಲೇ ಸೂಚಿಸಿದ್ದೇನೆ.

2. ತಾನ ಮತ್ತು ಸಂದರ್ಭ

ತಾನಭೇದವನ್ನು ವಿವರಿಸಲು ಸಾಮಾನ್ಯವಾಗಿ ಕೆಳಗಿನಂಥ ಗುಂಪುಗಳನ್ನು ಕೊಡುವುದುಂಟು:

(1) ಖಾವ್ ‘ಮೀನು-ಮಾಂಸದ ಹಸಿವಾಸನೆ; ಸಿಹಿಯಲ್ಲದ ಅಡುಗೆ’, ಖಾವ್¹ ‘ಸುದ್ದಿ’, ಖಾವ್² ‘ಅಕ್ಕಿ, ಅನ್ನ’, ಖಾವ್⁴ ‘ಬಿಳಿ’

ತಾನವು ಅರ್ಥಭೇದಕವೆಂದು ತೋರಿಸಲು ಈ ಗುಂಪು ಯೋಗ್ಯವಾದದ್ದೇ. ಆದರೆ ಅಂಗಡಿಯ ಮುಂದೆ ನಿಂತು ‘ಎರಡು ತಟ್ಟೆ ಸುದ್ದಿ’ ಎಂದು ಕೇಳಿದರೂ ಅನ್ನವೇ ಬರುತ್ತದೆ. ಕೇಳುಗರು ಸಂದರ್ಭದ ನೆರವಿನಿಂದ ಅಸಂಭವವಾದ ಅರ್ಥಗಳನ್ನು ತಳ್ಳಿಹಾಕುತ್ತಾರೆ. ಒಂದು ಭೇದಕ ಲಕ್ಷಣವು ಇಡೀ ಭಾಷೆಯಲ್ಲಿ ಎಷ್ಟು ಜೋಡಿಗಳನ್ನು ಬೇರ್ಪಡಿಸುತ್ತದೆ ಎಂಬುದು ಒಂದು ಲೆಕ್ಕ. ಒಂದೇ ಅರ್ಥಕ್ಷೇತ್ರದೊಳಗೆ ಎಷ್ಟು ಜೋಡಿಗಳನ್ನು ಬೇರ್ಪಡಿಸುತ್ತದೆ ಎಂಬುದು ಇನ್ನೊಂದು ಲೆಕ್ಕ. ಕಲಿಯುವವರ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಪ್ರಸ್ತುತ. ಜೋಡಿಯ ಎರಡೂ ಪದಗಳು ಅಡುಗೆಮನೆಗೇ ಸೇರಿದ್ದರೆ ಸಂದರ್ಭವು ಯಾವ ನೆರವನ್ನೂ ನೀಡಲಾರದು.

ತಾನವನ್ನೂ ಒಳಗೊಂಡ ಅಂಥ ಒಂದು ಜೋಡಿ ಇಲ್ಲದಿಲ್ಲ:

(2) ನಮ್³ ಪ್ಲಾವ್¹ ‘ಕುಡಿಯುವ ಬರಿಯ ನೀರು’ : ನಮ್³ ಪ್ಲಾ ‘ಮೀನಿನಿಂದ ತಯಾರಿಸಿದ ಉಪ್ಪುರಸ’

ಮೊದಲನೆಯದರಲ್ಲಿ ಪ್ಲಾವ್¹ ಎಂದರೆ ‘ಬರಿದಾದ’. ಎರಡನೆಯದರಲ್ಲಿ ಪ್ಲಾ ಎಂದರೆ ‘ಮೀನು’. ತಾನದ ಜೊತೆಗೆ ಕೊನೆಯ ವಕಾರವೂ ಬೇರೆಯಾಗಿರುವುದರಿಂದ ಇಲ್ಲಿ ಎಚ್ಚರಕ್ಕೆ ಎರಡು ಆಧಾರಗಳುಂಟು. ಪ್ರಾಸಂಗಿಕವಾಗಿ ಹೇಳುವುದಾದರೆ, ‘ನೀರು’ ಎಂಬ ಪದ ಬಿಡಿಯಾಗಿ ನಿಂತಾಗ ನಾಮ್³ ಎಂದು ದೀರ್ಘವಾಗಿಯೂ ಇಂಥ ಸಮಾಸಗಳ ಆದಿಯಲ್ಲಿ ನಮ್³ ಎಂದು ಹ್ರಸ್ವವಾಗಿಯೂ ಉಚ್ಚಾರಗೊಳ್ಳುತ್ತದೆ. ಮೂರು-ಮುನ್ನೂರು, ಏಳು-ಎಪ್ಪತ್ತು ಎಂಬ ರೂಪಗಳನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಹ್ರಸ್ವದೀರ್ಘಗಳ ವ್ಯತ್ಯಾಸವೂ ಅವರಿಗೆ ಸಹಜವಾಗಿ ದಕ್ಕುತ್ತದೆ.

3. ಬರಹದ ಮಹಾಪ್ರಾಣ, ಬಾಯಿಯ ಮಹಾಪ್ರಾಣ

ಈಗ ಪೀಠಿಕೆಯಲ್ಲಿ ಹೇಳಿದ ಪ್ರಸಂಗಕ್ಕೆ ಬರೋಣ. ಥಾಯ್ ಅಡುಗೆಯ ಅತಿಸಾಮಾನ್ಯ ಪದಗಳಲ್ಲಿ ಕೆಲವು ಕನಿಷ್ಠ ಯುಗ್ಮಗಳಿವೆ:

(3) ಕೈ¹ ‘ಕೋಳಿ’ : ಖೈ¹ ‘ಮೊಟ್ಟೆ’
(4) ಪೆತ್¹ ‘ಬಾತುಕೋಳಿ’ : ಫೆತ್¹ ‘ಖಾರ’
(5) ಪಕ್¹ ‘ಕಸೂತಿ ಹಾಕು’ : ಫಕ್¹ ‘ತರಕಾರಿ, ಸೊಪ್ಪು’ : ಫ಼ಕ್¹ ‘ಕೋಡು (ಹುಣಸೆ, ಅವರೆ ಮುಂತಾದವುಗಳದು)’

(3) ಮತ್ತು (4)ರಲ್ಲಿ ತಾನವೂ ಒಂದೇ, ಸ್ವರವೂ ಒಂದೇ, ಪ್ರಾಣತ್ವವೊಂದೇ ಭೇದಕ. ಪದಗಳಷ್ಟೇ ಅಲ್ಲ, ಅವುಗಳಿಂದಾದ ತಿನಿಸಿನ ಹೆಸರುಗಳೂ ಹಾಗೆಯೇ ಜೋಡಿಯಾಗುತ್ತವೆ: ಖಾವ್² ಫತ್¹ ಕೈ¹ ಕೋಳಿಯ ಹುರಿದನ್ನ, ಖಾವ್² ಫತ್¹ ಖೈ¹ ಮೊಟ್ಟೆಯ ಹುರಿದನ್ನ. ಎರಡೂ ದಿನನಿತ್ಯ ಮಾರಾಟವಾಗುವ ತಿನಿಸುಗಳಾದ್ದರಿಂದ ಕೇಳುಗರಿಗೆ ಅನುಮಾನಪಡಲು ಕಾರಣವೇ ಇರುವುದಿಲ್ಲ.

ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸವನ್ನು ಸಲೀಸಾಗಿ ಬರೆಯಬಹುದು. ಆದರೆ ಬರೆಯಬಲ್ಲದ್ದನ್ನೆಲ್ಲ ನುಡಿಯುತ್ತೇವೆಂಬ ನಂಬಿಕೆ ಸರಿಯಲ್ಲ. ‘ಖಾರ’ ಎಂದು ಬರೆಯುವ ಪದವನ್ನೇ ಬಹುಪಾಲು ಕನ್ನಡಿಗರು ಆಡುಮಾತಿನಲ್ಲಿ ‘ಕಾರ’ ಎನ್ನುತ್ತಾರೆ. ‘ಫಲ’ ಎಂಬಲ್ಲಿನ ಫಕಾರ ಹಲವರ ಬಾಯಲ್ಲಿ ಪಕಾರವಾಗುತ್ತದೆ, ಇಲ್ಲವೇ ಘರ್ಷಧ್ವನಿಯಾಗುತ್ತದೆ. ಮಹಾಪ್ರಾಣಾಕ್ಷರಗಳು ಕನ್ನಡಿಗರ ಉಚ್ಚಾರಣೆಯಲ್ಲಿ ಇಲ್ಲವಾದ್ದರಿಂದ ಬರಹದಿಂದಲೂ ಅವನ್ನು ಬಿಡಬಹುದೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ಸಲಹೆಯನ್ನು ಒಪ್ಪಲಿ ಬಿಡಲಿ, ಅದರ ಹಿಂದಿರುವ ಧ್ವನಿವೈಜ್ಞಾನಿಕ ಅವಲೋಕನವನ್ನು ಅಲ್ಲಗಳೆಯುವುದು ಕಷ್ಟ. ಕನ್ನಡದ ಮಾತಿನಲ್ಲಿ ಮಹಾಪ್ರಾಣವು ಎಚ್ಚರದ, ಓದಿನ, ವೇದಿಕೆಯ ಉಚ್ಚಾರಣೆಗೆ ಸೇರಿದ್ದು. ಅದನ್ನು ಬಿಟ್ಟರೂ ಅರ್ಥ ಕೆಡುವುದು ಅಪರೂಪ.

ಥಾಯ್‌ನಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಮಹಾಪ್ರಾಣವು ಅಚ್ಚ ದೇಶ್ಯ ಪದಗಳಲ್ಲಿಯೇ, ಮಕ್ಕಳ ಮಾತಿನಲ್ಲಿಯೇ ಭೇದಕವಾಗಿದೆ. ತಟ್ಟೆ ಚಾನ್, ಬಟ್ಟಲು ಛಾಮ್. ನಮ್ಮ ಉತ್ತರ ಕರ್ನಾಟಕದ ‘ಚಾ’ ಅಲ್ಲಿ ಛಾ. ಹೀಗಾಗಿ ಕನ್ನಡಿಗರು ಎದುರಿಸುವುದು ಹೊಸ ಧ್ವನಿಯೊಂದನ್ನು ಕಲಿಯುವ ಸಮಸ್ಯೆಯಲ್ಲ, ಇದೆಯೆಂದು ನಂಬಿರುವ ಧ್ವನಿಯನ್ನು ನಿಜವಾಗಿ ನುಡಿಯುವ ಸಮಸ್ಯೆ. ಹೊಸತೆಂದು ತಿಳಿದಿರುವ ತಾನಗಳ ಬಗ್ಗೆ ಕಲಿಯುವವರು ಮೊದಲ ದಿನದಿಂದಲೇ ಜಾಗರೂಕರಾಗಿರುತ್ತಾರೆ. ಖಕಾರದ ಬಗ್ಗೆ ಯಾವ ಜಾಗರೂಕತೆಯೂ ಇರುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ತಾಗುವುದನ್ನು ಪರೀಕ್ಷಿಸುವ ಹಳೆಯ ಅಭ್ಯಾಸವೇ ಇಲ್ಲಿ ಅತ್ಯಂತ ಉಪಯುಕ್ತ.

4. ‘ಖಾರ ಬೇಡ’ವೋ ‘ಖಾರವೇ?’ಯೋ

ಎರಡನೆಯ ತೊಡಕು ಪದಕ್ರಮದ್ದು. ಕನ್ನಡದಲ್ಲಿ ನಿಷೇಧವು ಕೊನೆಗೆ ಬರುತ್ತದೆ: ಖಾರ ಬೇಡ, ಹಾಕಬೇಡಿ, ತಿನ್ನುವುದಿಲ್ಲ. ಥಾಯ್‌ನಲ್ಲಿ ನಿಷೇಧಪದ ಮೈ² ಕ್ರಿಯಾಪದದ ಅಥವಾ ಗುಣಪದದ ಹಿಂದೆ ನಿಲ್ಲುತ್ತದೆ. ಅದೇ ಸದ್ದಿನ, ತಾನದಲ್ಲಿ ಮಾತ್ರ ಬೇರೆಯಾದ ಪ್ರಶ್ನಾರ್ಥಕ ನಿಪಾತವೊಂದು ವಾಕ್ಯದ ಕೊನೆಗೆ ಬರುತ್ತದೆ. ಬರಹದ ಪ್ರಕಾರ ಅದರದು ಏರುತಾನ. ಆಡುಮಾತಿನಲ್ಲಿ ಸಾಮಾನ್ಯವಾಗಿ ಮೇಲ್ತಾನ.

(6) ಮೈ² ಫೆತ್¹ (ಅಲ್ಲ–ಖಾರ) ‘ಖಾರವಿಲ್ಲ, ಖಾರ ಬೇಡ’
(7) ಫೆತ್¹ ಮೈ³ (ಖಾರ–ಪ್ರಶ್ನೆ) ‘ಖಾರವೇ?’

ಕನ್ನಡದ ಜಾಡಿನಲ್ಲಿ ಯೋಚಿಸುವವರು ‘ಖಾರ’ವನ್ನು ಮೊದಲು ನುಡಿದು ‘ಬೇಡ’ವನ್ನು ಕೊನೆಗಿಡುತ್ತಾರೆ. ಆಗ ಹೊರಡುವ ಫೆತ್¹ ಮೈ² ಎಂಬುದು ಥಾಯ್ ಕಿವಿಗೆ ತಾನ ತಪ್ಪಿದ ಪ್ರಶ್ನೆಯಾಗಿ ಕೇಳುವುದು ಸಹಜ. ಅಂಗಡಿಯವರು ‘ಸ್ವಲ್ಪ ಖಾರ’ ಎಂದು ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ; ಕೇಳಿದವರು ತಮ್ಮ ಕೋರಿಕೆ ತಲುಪಿತೆಂದು ತಲೆಯಾಡಿಸುತ್ತಾರೆ; ಖಾರದ ತಿನಿಸು ಬರುತ್ತದೆ. ಇಲ್ಲಿ ಪದಕ್ರಮದ ದೋಷವು ತಾನದ ದೋಷವನ್ನು ಮರೆಮಾಚುತ್ತದೆ. ಎರಡೂ ಸೇರಿ ಸುಸಂಬದ್ಧವಾದ ಬೇರೊಂದು ವಾಕ್ಯವಾಗಿಬಿಡುತ್ತವೆ. ಅರ್ಥವಾಗದ ವಾಕ್ಯಕ್ಕಿಂತ ತಪ್ಪಾಗಿ ಅರ್ಥವಾಗುವ ವಾಕ್ಯ ಹೆಚ್ಚು ಅಪಾಯಕಾರಿ. ಏಕೆಂದರೆ ಅದನ್ನು ಸರಿಪಡಿಸಿಕೊಳ್ಳುವ ಅವಕಾಶವೇ ಒದಗುವುದಿಲ್ಲ.

ಒಂದು ಪದಾರ್ಥವನ್ನು ಬಿಡಿಸಲು ಬಳಸುವ ವಾಕ್ಯವು ಮೈ² ಸೈ¹ (ಅಲ್ಲ–ಹಾಕು) ಎಂದು ಆರಂಭವಾಗಿ ಆ ಪದಾರ್ಥದ ಹೆಸರಿನಿಂದ ಮುಗಿಯುತ್ತದೆ: ಮೈ² ಸೈ¹ ಖೈ¹ ‘ಮೊಟ್ಟೆ ಹಾಕಬೇಡಿ’. ಹೀಗೆ ಅತ್ಯಂತ ಮುಖ್ಯವಾದ ಪದ ವಾಕ್ಯಾಂತ್ಯಕ್ಕೆ ಬರುತ್ತದೆ. ಕನ್ನಡದಲ್ಲಿ ಆ ಸ್ಥಾನ ಕ್ರಿಯಾಪದದ್ದು. ನಾವು ಅಲ್ಲಿ ಧ್ವನಿಯನ್ನು ತಗ್ಗಿಸಿ ವಾಕ್ಯವನ್ನು ಮುಗಿಸುತ್ತೇವೆ. ಹಾಗೆ ತಗ್ಗಿಸಿದಾಗ ಮಹಾಪ್ರಾಣದ ಉಸಿರು ಇನ್ನಷ್ಟು ಕ್ಷೀಣಿಸುತ್ತದೆಂಬುದನ್ನು ನನ್ನ ಸ್ವಂತ ಉಚ್ಚಾರಣೆಯಲ್ಲಿ ಗಮನಿಸಿದ್ದೇನೆ.

5. ಹೆಸರು, ಎಣಿಕೆ, ವಿನಯ

ತಿನಿಸಿನ ಹೆಸರುಗಳ ರಚನೆ ಕನ್ನಡಕ್ಕೆ ಬಹುತೇಕ ಕನ್ನಡಿ ಹಿಡಿದಂತಿದೆ. ‘ಹುರಿಗಡಲೆ’, ‘ಮಾವಿನಕಾಯಿ ಚಿತ್ರಾನ್ನ’, ‘ಹೆಸರುಬೇಳೆ ಕೋಸಂಬರಿ’ ಇವುಗಳಲ್ಲಿ ಪ್ರಧಾನ ಪದ ಕೊನೆಯದು, ವಿಶೇಷಣ ಮೊದಲನೆಯದು. ಥಾಯ್‌ನಲ್ಲಿ ಪ್ರಧಾನ ಪದ ಅಥವಾ ಅಡುಗೆಯ ಕ್ರಮ ಮೊದಲು, ಉಳಿದದ್ದು ಅನಂತರ:

(8) ಖಾವ್² ಫತ್¹ ಖೈ¹ (ಅನ್ನ–ಹುರಿ–ಮೊಟ್ಟೆ)
(9) ತೊಮ್² ಖಾ¹ ಕೈ¹ (ಕುದಿಸು–ಗಲಾಂಗಲ್ ಬೇರು–ಕೋಳಿ)
(10) ಸೊಮ್² ತಮ್ (ಹುಳಿ–ಕುಟ್ಟು)

ಫತ್¹ ‘ಹುರಿ’, ತೊಮ್² ‘ಕುದಿಸು’, ಥೋತ್² ‘ಎಣ್ಣೆಯಲ್ಲಿ ಕರಿ’, ಯಾಙ್² ‘ಕೆಂಡದಲ್ಲಿ ಸುಡು’, ನುಙ್² ‘ಹಬೆಯಲ್ಲಿ ಬೇಯಿಸು’ ಎಂಬ ಐದು ಕ್ರಿಯಾಪದಗಳನ್ನೂ ಹತ್ತು ಪದಾರ್ಥಗಳ ಹೆಸರುಗಳನ್ನೂ ಬಲ್ಲವರು ತಿನಿಸುಗಳ ಪಟ್ಟಿಯ ದೊಡ್ಡ ಭಾಗವನ್ನು ಬಿಡಿಸಿ ಓದಬಲ್ಲರು. ಆದರೆ ಹೆಸರು ಮುಖ್ಯ ಪದಾರ್ಥವನ್ನು ಮಾತ್ರ ಹೇಳುತ್ತದೆ ಎಂಬುದನ್ನು ಮರೆಯಬಾರದು. ಫತ್¹ ಫಕ್¹ ಎಂದರೆ ‘ಹುರಿದ ಸೊಪ್ಪುತರಕಾರಿ’. ಅದಕ್ಕೆ ಮೀನಿನ ಉಪ್ಪುರಸವನ್ನೋ ಸಿಂಪಿಯ ರಸವನ್ನೋ ಹಾಕುವುದು ರೂಢಿ. ಹೆಸರಿನಲ್ಲಿ ಅದಕ್ಕೆ ಸ್ಥಾನವಿಲ್ಲ. ನಮ್ಮ ‘ಸಾರು’ ಎಂಬ ಹೆಸರಿನಲ್ಲಿ ಒಗ್ಗರಣೆಯ ಇಂಗಿಗೆ ಸ್ಥಾನವಿಲ್ಲದಂತೆ.

ಎಣಿಕೆಗೆ ವರ್ಗಕ ಬೇಕು. ಕ್ರಮ ನಾಮಪದ, ಸಂಖ್ಯೆ, ವರ್ಗಕ ಎಂದು. ಥಾಯ್ ವರ್ಗಕಗಳ ಬಗ್ಗೆ ಮೇರಿ ಹಾಸ್ 1942ರಲ್ಲಿಯೇ ಬರೆದಿದ್ದರು. ಖಾವ್² ಫತ್¹ ಸೋಙ್⁴ ಚಾನ್ (ಅನ್ನ–ಹುರಿ–ಎರಡು–ತಟ್ಟೆ) ಎಂಬುದು ನಮ್ಮ ಹೋಟೆಲುಗಳ ‘ಇಡ್ಲಿ ಎರಡು ಪ್ಲೇಟ್’ ಎಂಬ ಕ್ರಮವೇ ಆಗಿರುವುದರಿಂದ ಇದು ಕನ್ನಡಿಗರಿಗೆ ಕಷ್ಟವಲ್ಲ. ಆದರೆ ಅಳತೆಯಿಲ್ಲದೆ ‘ಎರಡು ಮೊಟ್ಟೆ’ ಎನ್ನಲು ಕನ್ನಡದಲ್ಲಿ ವರ್ಗಕ ಬೇಡ; ಥಾಯ್‌ನಲ್ಲಿ ಮೊಟ್ಟೆಗೆ ಫ಼ೋಙ್, ಇಡೀ ಮೀನಿಗೆ ತುಅ, ಕಡ್ಡಿಗೆ ಚುಚ್ಚಿ ಸುಟ್ಟದ್ದಕ್ಕೆ ಮಾಯ್³ ಎಂಬ ವರ್ಗಕ ಬೇಕು. ತಿಳಿಯದಿದ್ದಾಗ ‘ಒಬ್ಬರಿಗಾಗುವಷ್ಟು’ ಎಂಬರ್ಥದ ಥೀ² ಎಂಬುದು ಅಡುಗೆಯ ತಿನಿಸುಗಳಿಗೆ ಹೊಂದುತ್ತದೆ.

ಕನ್ನಡದಲ್ಲಿ ‘ಕೊಡಿ’ ಎಂಬ ಕ್ರಿಯಾರೂಪವೇ ಗೌರವವನ್ನು ಹೊತ್ತಿರುತ್ತದೆ. ಥಾಯ್ ಕ್ರಿಯಾಪದ ರೂಪಾಂತರಗೊಳ್ಳದ ಕಾರಣ ಆ ಹೊಣೆ ವಾಕ್ಯಾಂತ್ಯದ ನಿಪಾತಕ್ಕೆ ಬೀಳುತ್ತದೆ: ಗಂಡಸರು ಖ್ರಪ್³, ಹೆಂಗಸರು ಹೇಳಿಕೆಯಲ್ಲಿ ಖ², ಪ್ರಶ್ನೆಯಲ್ಲಿ ಖ³. ಕೋರಿಕೆಗೆ ‘ಬೇಕು’ ಎಂಬುದರ ಅನುವಾದ ಹುಡುಕುವ ಬದಲು ಔ ‘ತೆಗೆದುಕೊಳ್ಳು’ ಅಥವಾ ಹೆಚ್ಚು ವಿನಯದ ಖೋ⁴ ‘ಕೇಳಿಕೊಳ್ಳು’ ಎಂಬ ಕ್ರಿಯಾಪದದಿಂದ ಆರಂಭಿಸುವುದು ರೂಢಿ. ಸಂಬೋಧನೆಯಲ್ಲಿ ನಮ್ಮ ‘ಅಣ್ಣಾ’, ‘ಅಕ್ಕಾ’ಗಳಂತೆ ಬಂಧುವಾಚಕಗಳೇ ಇವೆ, ಆದರೆ ಫೀ² (ಹಿರಿಯರು), ನೋಙ್³ (ಕಿರಿಯರು) ಎಂಬಲ್ಲಿ ವಯಸ್ಸಿನ ಭೇದವುಂಟು, ಲಿಂಗಭೇದವಿಲ್ಲ.

6. ‘ಮಾಂಸವಿರತಿ’ಯ ಮೋಸ

ಮೂರನೆಯ ತೊಡಕು ಶಬ್ದಕೋಶದ್ದು. ಥಾಯ್‌ನಲ್ಲಿ ಸಂಸ್ಕೃತ-ಪಾಲಿ ಮೂಲದ ಪದಗಳು ವಿಪುಲವಾಗಿವೆ. ಅವುಗಳ ಧ್ವನಿವ್ಯತ್ಯಾಸ ನಿಯಮಬದ್ಧ. ಪದಾಂತ್ಯದ ರ, ಲಗಳು ನಕಾರವಾಗುತ್ತವೆ, ಸಕಾರ ತಕಾರವಾಗುತ್ತದೆ: ಆಹಾರ ಎಂಬುದು ಆಹಾನ್⁴, ಫಲ ಎಂಬುದು ಫೊನ್⁴, ರಸ ಎಂಬುದು ರೊತ್³. ಪ್ರಾಚೀನ ಘೋಷಸ್ಪರ್ಶಗಳು ಬ್ಯಾಂಕಾಕಿನ ಥಾಯ್‌ನಲ್ಲಿ ಅಘೋಷ ಮಹಾಪ್ರಾಣಗಳಾಗಿರುವುದರಿಂದ ಬುದ್ಧ ಎಂಬುದು ಫುತ್³, ಭೋಜನ ಎಂಬುದು ಫೋಛನಾ ಎಂಬಂಥ ರೂಪ ತಾಳುತ್ತದೆ. ಈ ನಿಯಮಗಳನ್ನು ಅರಿತ ಕನ್ನಡಿಗರಿಗೆ ನೂರಾರು ಪದಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಆ ಸಂತೋಷದಲ್ಲಿಯೇ ಎರಡು ಅಪಾಯಗಳಿವೆ.

ಮೊದಲನೆಯದು ಬಳಕೆಯ ಸ್ತರದ್ದು. ‘ತಿನ್ನು, ಉಣ್ಣು’ ಎಂಬುದಕ್ಕೆ ಆಡುಮಾತಿನ ಪದ ಕಿನ್, ಔಪಚಾರಿಕವಾದದ್ದು ‘ಪ್ರದಾನ’ವನ್ನು ಒಳಗೊಂಡ ರಪ್³ಪ್ರ¹ಥಾನ್, ಬರಹದ, ಶಾಸ್ತ್ರದ ಪದ ‘ಪರಿಭೋಗ’ದಿಂದ ಬಂದ ಬೋರಿ³ಫೋಕ್². ಗುರುತು ಸಿಕ್ಕಿತೆಂದು ಸಂಸ್ಕೃತಮೂಲದ ಪದವನ್ನೇ ಆಯ್ದರೆ, ದರ್ಶಿನಿಯಲ್ಲಿ ನಿಂತು ‘ಒಂದು ದೋಸೆಯನ್ನು ಸೇವಿಸಲು ಅನುಗ್ರಹಿಸಿ’ ಎಂದಂತಾಗುತ್ತದೆ.

ಎರಡನೆಯ ಅಪಾಯ ಅರ್ಥದ್ದು, ಹೆಚ್ಚು ಗಂಭೀರವಾದದ್ದು. ‘ಸಸ್ಯಾಹಾರ’ಕ್ಕೆ ನಿಘಂಟು ಕೊಡುವ ಪದ ಮಙ್ಸ¹ವಿ³ರತ್³, ಅಂದರೆ ‘ಮಾಂಸವಿರತಿ’. ಕನ್ನಡಿಗರಿಗೆ ಇದು ತಮ್ಮದೇ ಪದವೆನಿಸುತ್ತದೆ. ಆದರೆ ರೂಪದ ಮೂಲ ಒಂದೇ ಆದಮಾತ್ರಕ್ಕೆ ವಾಚ್ಯದ ಗಡಿ ಒಂದೇ ಆಗಬೇಕಾಗಿಲ್ಲ. ಥಾಯ್ ಬಳಕೆಯಲ್ಲಿ ಇದು ಸಾಮಾನ್ಯವಾಗಿ ಮೊಟ್ಟೆ, ಹಾಲುಗಳನ್ನು ಹೊರಗಿಡುವುದಿಲ್ಲ. ಇನ್ನೊಂದು ಪದ ಚೇ. ಇದು ಚೀನೀ ಮೂಲದ್ದು, ಧಾರ್ಮಿಕ ವ್ರತಾಹಾರದ ಹಿನ್ನೆಲೆಯದು. ಚೀನೀ ಚಾಂದ್ರಮಾನದ ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ ಈ ವ್ರತ ನಡೆಯುತ್ತದೆ. ಫುಕೆಟ್‌ನ ಆಚರಣೆ ವಿಶೇಷ ಪ್ರಸಿದ್ಧ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದ ಆ ಪದ ಅಂಗಡಿಗಳ ಗುರುತು. ಚೇ ಆಹಾರದಲ್ಲಿ ಮಾಂಸ, ಮೊಟ್ಟೆ, ಹಾಲುಗಳ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಮೊದಲಾದ ಕಟುವಾಸನೆಯವೂ ವರ್ಜ್ಯ.

ಅರ್ಥಘಟಕಗಳ ಮೂಲಕ ಹೇಳುವುದಾದರೆ, ಮಙ್ಸ¹ವಿ³ರತ್³ ಮಾಂಸವನ್ನು ವರ್ಜಿಸಿ ಮೊಟ್ಟೆ, ಹಾಲು, ಈರುಳ್ಳಿಗಳನ್ನು ಒಪ್ಪುತ್ತದೆ. ಚೇ ನಾಲ್ಕನ್ನೂ ವರ್ಜಿಸುತ್ತದೆ. ಕನ್ನಡದ ‘ಸಸ್ಯಾಹಾರ’ ರೂಢಿಯಲ್ಲಿ ಮಾಂಸ, ಮೊಟ್ಟೆಗಳನ್ನು ವರ್ಜಿಸಿ ಹಾಲನ್ನು ಒಪ್ಪುತ್ತದೆ, ಈರುಳ್ಳಿಯ ವಿಷಯದಲ್ಲಿ ಮನೆತನಕ್ಕೊಂದು ಪದ್ಧತಿ. ‘ಸಸ್ಯಾಹಾರ’ಕ್ಕೆ ಸರಿಹೊಂದುವ ಏಕಪದ ಥಾಯ್‌ನಲ್ಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಕನ್ನಡಿಗರಿಗೆ ಹತ್ತಿರದ್ದು ರಕ್ತಸಂಬಂಧವಿರುವ ಸಂಸ್ಕೃತ ಪದವಲ್ಲ, ಸಂಬಂಧವೇ ಇಲ್ಲದ ಚೀನೀ ಪದ.

‘ಮಾಂಸ’ ಎಂಬ ಸಾಮಾನ್ಯ ಪದದಲ್ಲಿಯೂ ಇಂಥದೇ ತೊಡಕಿದೆ. ನುಅ³ ಎಂದರೆ ಮಾಂಸ. ಆದರೆ ಊಟದ ಸಂದರ್ಭದಲ್ಲಿ ಬಿಡಿಯಾಗಿ ಬಳಸಿದಾಗ ಅದು ದನದ ಮಾಂಸ. ‘ನುಅ³ ತಿನ್ನುವುದಿಲ್ಲ’ ಎಂದವರಿಗೆ ಹಂದಿಮಾಂಸವನ್ನು ಬಡಿಸಿದರೆ ಅದು ತಪ್ಪಲ್ಲ, ವಾಕ್ಯದ ಅರ್ಥವೇ ಅದು. ಎಲ್ಲ ಪ್ರಾಣಿಗಳ ಮಾಂಸವೆನ್ನಲು ನುಅ³ ಸತ್¹ ಎನ್ನಬೇಕು. ಈ ಸತ್¹ ಸಂಸ್ಕೃತದ ‘ಸತ್ತ್ವ’, ಅಂದರೆ ಜೀವಿ. ಹೀಗಾಗಿ ಏಕಪದವನ್ನು ನಂಬುವುದಕ್ಕಿಂತ ಪದಾರ್ಥಗಳನ್ನು ಒಂದೊಂದಾಗಿ ಹೆಸರಿಸುವುದೇ ಸುರಕ್ಷಿತ:

(11) ಮೈ² ಸೈ¹ ನುಅ³ ಸತ್¹, ಮೈ² ಸೈ¹ ಖೈ¹, ಮೈ² ಸೈ¹ ನಮ್³ ಪ್ಲಾ
‘ಯಾವ ಪ್ರಾಣಿಯ ಮಾಂಸವನ್ನೂ ಹಾಕಬೇಡಿ, ಮೊಟ್ಟೆ ಹಾಕಬೇಡಿ, ಮೀನಿನ ರಸ ಹಾಕಬೇಡಿ’

ಇದಕ್ಕೆ ಸಿಗಡಿಯ ಹುದುಗುಮುದ್ದೆಯಾದ ಕ¹ಪಿ¹, ಸಿಂಪಿಯ ರಸವಾದ ನಮ್³ ಮನ್ ಹೊಯ್⁴ ಇವನ್ನೂ ಸೇರಿಸಿಕೊಳ್ಳಬಹುದು. ಗೋಧಿಯ ಹಳದಿ ನೂಡಲ್ಸ್ ಆದ ಬ¹ಮೀ¹ ಹಿಟ್ಟಿನಲ್ಲಿಯೇ ಮೊಟ್ಟೆ ಇರುತ್ತದೆ. ಅಲ್ಲಿ ‘ಹಾಕಬೇಡಿ’ ಎಂಬ ವಾಕ್ಯಕ್ಕೆ ಫಲವಿಲ್ಲ, ಅಕ್ಕಿಯ ನೂಡಲ್ಸನ್ನೇ ಕೇಳಬೇಕು.

7. ಉಪಸಂಹಾರ

ಮೇಲಿನ ಮೂರೂ ತೊಡಕುಗಳಿಗೆ ಸಾಮಾನ್ಯ ಲಕ್ಷಣವೊಂದಿದೆ. ಕಲಿಯುವವರು ಅಪರಿಚಿತವಾದದ್ದನ್ನು ಎಚ್ಚರದಿಂದ ಕಲಿಯುತ್ತಾರೆ. ಪರಿಚಿತವೆಂದು ತೋರಿದ್ದನ್ನು ಕಲಿಯುವುದೇ ಇಲ್ಲ. ಖಕಾರವು ಲಿಪಿಯಲ್ಲಿದೆ, ‘ಬೇಡ’ ಎಂಬುದಕ್ಕೆ ಸಮಾನಪದವಿದೆ, ‘ಮಾಂಸವಿರತಿ’ ತಮ್ಮದೇ ಪದ ಎಂಬ ಭಾವನೆಗಳು ಕಲಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತವೆ.

ಇದರಿಂದ ಬೋಧನೆಗೆ ಮೂರು ಸೂಚನೆಗಳು ದೊರೆಯುತ್ತವೆ. ಕನ್ನಡಿಗರಿಗಾಗಿ ಸಿದ್ಧಪಡಿಸುವ ಥಾಯ್ ಪಾಠಗಳಲ್ಲಿ ಕನಿಷ್ಠ ಯುಗ್ಮಗಳನ್ನು ಒಂದೇ ಅರ್ಥಕ್ಷೇತ್ರದಿಂದ ಆರಿಸಬೇಕು. ಅನ್ನ ಮತ್ತು ಸುದ್ದಿಗಳ ಜೋಡಿಗಿಂತ ಕೋಳಿ ಮತ್ತು ಮೊಟ್ಟೆಗಳ ಜೋಡಿ ಮೊದಲು ಬರಬೇಕು. ನಿಷೇಧವನ್ನೂ ಪ್ರಶ್ನೆಯನ್ನೂ ಬೇರೆಬೇರೆ ಪಾಠಗಳಲ್ಲಿಡದೆ, (6) ಮತ್ತು (7)ರಂತೆ ಎದುರುಬದುರಾಗಿಟ್ಟು ಅಭ್ಯಾಸ ಮಾಡಿಸಬೇಕು. ಸಂಸ್ಕೃತಮೂಲದ ಪದಗಳನ್ನು ಪಟ್ಟಿಮಾಡುವಾಗ ಪ್ರತಿಯೊಂದರ ಎದುರು ಬಳಕೆಯ ಸ್ತರವನ್ನೂ ವಾಚ್ಯದ ಗಡಿಯನ್ನೂ ನಮೂದಿಸಬೇಕು. ಧ್ವನಿವಿಜ್ಞಾನದ ಸಂಶೋಧನಾರ್ಥಿಗಳಿಗೂ ಇಲ್ಲಿ ಕೆಲಸವಿದೆ: ಕನ್ನಡದ ಬೇರೆಬೇರೆ ಪ್ರಾದೇಶಿಕ, ಸಾಮಾಜಿಕ ಪ್ರಭೇದಗಳನ್ನಾಡುವವರು ನುಡಿಯುವ ಖಕಾರದ ಉಸಿರಿನ ಅವಧಿಯನ್ನು ಅಳೆದು, ಅದನ್ನು ಥಾಯ್ ಕೇಳುಗರು ಕೈ¹ ಎಂದು ಗ್ರಹಿಸುತ್ತಾರೋ ಖೈ¹ ಎಂದು ಗ್ರಹಿಸುತ್ತಾರೋ ಪರೀಕ್ಷಿಸುವುದು ಕಷ್ಟಸಾಧ್ಯವಾದ ಪ್ರಯೋಗವೇನಲ್ಲ.

ಬ್ಯಾಂಕಾಕಿನ ಆ ಅಂಗಡಿಗೆ ನಾನು ಮರುದಿನವೂ ಹೋಗಿ ಅದೇ ವಾಕ್ಯವನ್ನು, ಖಕಾರಕ್ಕೆ ಉಸಿರು ಕೊಟ್ಟು, ನುಡಿದೆ. ಅಡುಗೆಯವರು ಬುಟ್ಟಿಯಿಂದ ಮೊಟ್ಟೆಯೊಂದನ್ನು ಎತ್ತಿ ತೋರಿಸಿ ‘ಖೈ¹?’ ಎಂದು ಕೇಳಿ ಖಚಿತಪಡಿಸಿಕೊಂಡರು. ಅಂದಿನ ಅನ್ನದಲ್ಲಿ ಮೊಟ್ಟೆ ಇರಲಿಲ್ಲ.